ರ‍್ಯಾಕೆಟ್ಟಿಗೆ ಆಯುಧಪೂಜೆ

ಟೆನಿಸ್ ಎಂದರೆ ಏನು ಮಹಾ! ಒಂದು ಚೆಂಡು, ಒಂದು ಬಲೆ, ಆಚೆಗೊಬ್ಬರು, ಈಚೆಗೊಬ್ಬರು. ನಮ್ಮ ಕಡೆ ಬಂದದ್ದನ್ನು ಆಚೆ ಕಳಿಸಬೇಕು. ಮತ್ತೆ ಬಂದರೆ ಮತ್ತೆ ಕಳಿಸಬೇಕು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಪೈಪು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿ ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಬಂದ ಮಾಲನ್ನು ಆಚೆ ಕಳಿಸುವ ಕಲೆಯಲ್ಲಿ ಈ ದಿವಾಕರನನ್ನು ಮೀರಿಸುವವರು ಇಡೀ ಎಮಿರೇಟ್ಸ್‌ನಲ್ಲಿ ಯಾರಿದ್ದಾರೆ? ಅದೇ ರಕ್ತ ಮಗಳ ಮೈಯಲ್ಲೂ ಹರಿಯುತ್ತಿರಲೇಬೇಕು ಎಂದು ನಾನು ದೃಢವಾಗಿ ನಂಬಿದ್ದೆ.

ಈ ನಂಬಿಕೆ ಹುಟ್ಟಿದ್ದು ಎದುರು ಮನೆಯಿಂದ. ನಾವಿರುವುದು ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಚೀನಾ ಕ್ಲಸ್ಟರ್ ಎಂದು ಹೆಸರಿಟ್ಟ ಕಟ್ಟಡಗಳಲ್ಲಿ. ಉಡುಪಿಯ ಅಳಿಯ ಹೆಂಡತಿ ಮಗಳನ್ನು ಕಟ್ಟಿಕೊಂಡು ಚೀನಾದಲ್ಲಿ ಬಾಡಿಗೆಗಿದ್ದಾನೆ ಎಂದು ಕೇಳಿ ನನ್ನ ಅತ್ತೆ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ನಮ್ಮ ಮಹಡಿಯಲ್ಲಿ ನಿಜವಾದ ಚೀನಾದವರು ಇದ್ದದ್ದು ಎದುರು ಬಾಗಿಲಿನಲ್ಲಿ ಮಾತ್ರ. ಹತ್ತಿರದ ಚೀನೀ ಮಾರುಕಟ್ಟೆಯಲ್ಲಿ ಅಲಂಕಾರದ ದೀಪ ಮಾರುವ ಚೆನ್ ಮತ್ತು ಅವರ ಹನ್ನೊಂದು ವರ್ಷದ ಮಗಳು ಯುಹಾನ್. ಆ ದೀಪಗಳನ್ನು ಮಾಡಿಸಿ ಕಳಿಸುತ್ತಿದ್ದದ್ದು ಚೀನಾದ ತಮ್ಮ ಊರಿನಲ್ಲೇ ಉಳಿದಿದ್ದ ಯುಹಾನಳ ತಾಯಿ. ದೀಪ ಮಾರಿ ಬಂದ ಹಣವೆಲ್ಲ ಯುಹಾನಳ ಟೆನಿಸ್ಸಿಗೆ ಹೋಗುತ್ತಿತ್ತು.

ಯುಹಾನ್‌ಗೆ ನಮ್ಮ ಮನೆಯ ನೀರುದೋಸೆಯೆಂದರೆ ಪ್ರಾಣ. ಅದಕ್ಕಿಂತಲೂ ಇಷ್ಟ ನನ್ನ ಹೆಂಡತಿ ಶಾಲಿನಿ ತಲೆ ಬಾಚುವುದು. ನಮ್ಮ ಶ್ರಾವ್ಯ ಬಾಚಣಿಗೆ ಕಂಡರೆ ಬಾತ್‌ರೂಮಿಗೆ ಓಡುವವಳು. ಈ ಹುಡುಗಿ ಮಾತ್ರ ಜಡೆ ಹಾಕಿ ಮುಗಿದ ಮೇಲೂ ಬೆನ್ನು ಕೊಟ್ಟು ಕೂತೇ ಇರುತ್ತಿದ್ದಳು. ಶಾಲಿನಿ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹಾಕುತ್ತಿದ್ದಳು.

ಒಂದು ಶನಿವಾರ ಶ್ರಾವ್ಯ ಗೆಳತಿಯ ಜೊತೆ ಟೆನಿಸ್ ಅಕಾಡೆಮಿಗೆ ಹೋಗುತ್ತೇನೆಂದು ಹಟ ಹಿಡಿದಳು. ನಾನೂ ಹೋದೆ. ಈಜಿಪ್ಟಿನ ಕೋಚ್ ಒಬ್ಬರು ಅವಳ ಬೆನ್ನು ತಟ್ಟಿ, "ಗುಡ್ ಹ್ಯಾಂಡ್ಸ್!" ಎಂದರು. ನನ್ನ ಕಿವಿ ನೆಟ್ಟಗಾಯಿತು.

"ಪಪ್ಪಾ, ನಾನು ಬಾಲ್ಸ್ ಎಲ್ಲ ಬಾಸ್ಕೆಟ್‌ಗೆ ಹಾಕಿದ್ದಕ್ಕೆ ಹೇಳಿದ್ದು," ಎಂದು ಶ್ರಾವ್ಯ ಕಾರಿನಲ್ಲಿ ವಿವರಿಸಿದಳು. ಮಹಾನ್ ಪ್ರತಿಭೆಗಳಿಗೆ ಇರುವ ವಿನಯ ಇದು ಎಂದುಕೊಂಡೆ. ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಘೋಷಿಸಿದೆ.

"ಶಾಲಿನಿ, ನಮ್ಮ ಮಗಳಿಗೆ ಒಳ್ಳೆ ಕೈ ಉಂಟಂತೆ!"

"ಕೈ ಹುಟ್ಟುವಾಗಲೇ ಇತ್ತಲ್ಲ ಮಾರ್ರೆ. ನಿಮಗೆ ಈಗ ಗೊತ್ತಾದದ್ದಾ?"

"ತಮಾಷೆ ಅಲ್ಲ ಮಾರಾಯ್ತಿ. ಅವಳು ಟೆನಿಸ್ ಆಡ್ತಾಳೆ."

"ಅವಳು ಕೇಳಿದ್ಳಾ?"

ಈ ಪ್ರಶ್ನೆ ಅಪ್ರಸ್ತುತವೆಂದು ನಾನು ತಳ್ಳಿಹಾಕಿದೆ. ಅದೇ ಸಂಜೆ ರಿಯಾಯಿತಿ ಮಾರಾಟದಲ್ಲಿ ಒಂದು ರ‍್ಯಾಕೆಟ್ ತಂದೆ. ಅಂಗಡಿಯಲ್ಲಿದ್ದವುಗಳಲ್ಲಿ ಅದೇ ಅತಿ ದೊಡ್ಡದು. ಕೊಡುವ ಹಣಕ್ಕೆ ಸಾಮಾನು ದೊಡ್ಡದು ಸಿಗುವಾಗ ಸಣ್ಣದು ಯಾಕೆ? ಶ್ರಾವ್ಯ ಅದನ್ನು ಎರಡು ಕೈಯಲ್ಲಿ ಎತ್ತಿದಳು, ತೂಗಾಡಿದಳು, ಸೋಫಾದ ಮೇಲೆ ಕೂತುಬಿಟ್ಟಳು. ಮುಂದಿನ ವಾರ ಕೋಚ್ ಅದನ್ನು ತಿರುಗಿಸಿ ನೋಡಿ, ಇದು ಆರಡಿ ಗಂಡಸರು ಆಡುವಂಥದ್ದು ಎಂದರು. ಬೆಳೆಯುವ ಮಕ್ಕಳಲ್ಲವೇ, ಮುಂದಕ್ಕೆ ಆಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ನಮ್ಮಲ್ಲಿ ಯೂನಿಫಾರ್ಮ್ ಹೊಲಿಸುವ ಕ್ರಮ ಅದೇ ತಾನೆ!

ಅಕಾಡೆಮಿಯಲ್ಲಿ ಅಂಗಣದ ಪಕ್ಕ, ಹಸಿರು ಬಟ್ಟೆಯ ನೆರಳಿನಲ್ಲಿ ಒಂದು ಉದ್ದ ಬೆಂಚು ಇತ್ತು. ಅಪ್ಪ ಅಮ್ಮಂದಿರ ಬೆಂಚು. ನಿಜ ಹೇಳುತ್ತೇನೆ, ನನಗೆ ಟೆನಿಸ್ಸಿಗಿಂತ ಹೆಚ್ಚು ಆಸೆ ಹುಟ್ಟಿದ್ದು ಆ ಬೆಂಚಿನ ಮೇಲೆ. ಗೋದಾಮಿನಲ್ಲಿ ನನ್ನನ್ನು ಕೇಳುವವರು ಪೈಪಿಗಾಗಿ ಕೇಳುತ್ತಾರೆ. ಮನೆಗೆ ಬರುವಷ್ಟರಲ್ಲಿ ಮಗಳು ಹೋಮ್‌ವರ್ಕ್ ಮುಗಿಸಿ ಟ್ಯಾಬ್ ಹಿಡಿದಿರುತ್ತಾಳೆ. ಆ ಬೆಂಚಿನಲ್ಲಿ ಕೂತವರು ಮಾತ್ರ ತಮ್ಮ ಮಗುವನ್ನು ಎರಡು ಗಂಟೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನನಗೂ ಹಾಗೆ ನೋಡಬೇಕಿತ್ತು. ಒಂದು ದಿನ ಮೈಕಿನಲ್ಲಿ ಶ್ರಾವ್ಯಳ ಹೆಸರು ಕೇಳಿ, ಅಕ್ಕಪಕ್ಕದವರು ತಿರುಗಿ ನನ್ನ ಮುಖ ನೋಡಬೇಕಿತ್ತು.

ಬೆಂಚಿನ ಮೇಲೆ ಹೆಚ್ಚಿನವರು ಚೀನಾದವರೇ. ಸಮುದ್ರದ ಬದಿಯ ದೊಡ್ಡ ವಿಲ್ಲಾಗಳಿಂದ ಬರುವ ತಾಯಂದಿರು. ಒಬ್ಬ ಡ್ರೈವರ್, ಬಿಸಿ ಸೂಪು ಹಿಡಿದ ಒಬ್ಬ ಅಡುಗೆಯವಳು, ಮಗುವಿಗೆ ಸರ್ವ್ ಕಲಿಸಲು ಒಬ್ಬ, ಓಡಿಸಲು ಒಬ್ಬ, ಓಡಿದ ಮೇಲೆ ಕಾಲು ಒತ್ತಲು ಮತ್ತೊಬ್ಬ. ಮಗು ಹೊಡೆದ ಒಂದೊಂದು ಹೊಡೆತವೂ ಫೋನಿನಲ್ಲಿ ಚಿತ್ರೀಕರಣವಾಗಬೇಕು. ಅವರ ನಡುವೆ ಚೆನ್ ತಮ್ಮ ಹಳೆ ವ್ಯಾನಿನಲ್ಲಿ ಬಂದು, ಗಾಜಿನ ದೀಪದ ಪೆಟ್ಟಿಗೆಗಳ ಮಧ್ಯದಿಂದ ಮಗಳ ಚೀಲ ಎಳೆದು ಕೊಡುತ್ತಿದ್ದರು. ಆಮೇಲೆ ಫೋನನ್ನು ತಂತಿಬೇಲಿಗೆ ಸಿಕ್ಕಿಸುತ್ತಿದ್ದರು. ಅದರಲ್ಲಿ ಯುಹಾನಳ ತಾಯಿ ಕಾಣುತ್ತಿದ್ದರು. ಆಕೆ ಅಲ್ಲಿ ದೀಪಕ್ಕೆ ತಂತಿ ಸುತ್ತುತ್ತಾ ಇಲ್ಲಿ ಮಗಳ ಆಟ ನೋಡುವುದು. ಪ್ರತಿ ಸರ್ವ್‌ಗೂ ಮೊದಲು ಯುಹಾನ್ ಆ ಫೋನಿನ ಕಡೆಗೊಮ್ಮೆ ನೋಡುತ್ತಿದ್ದಳು.

ಚೆನ್ ಮತ್ತು ನಾನು ಮಾತಾಡುತ್ತಿದ್ದದ್ದು ಹಿಂದಿ, ಇಂಗ್ಲಿಷು, ಅರಬಿ ಮೂರನ್ನೂ ಕಲಸಿದ ದುಬೈ ಭಾಷೆಯಲ್ಲಿ. ಓದುವವರ ಮೇಲಿನ ಕರುಣೆಯಿಂದ ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನಿಮ್ಮವರೆಲ್ಲ ಭಾರೀ ಶ್ರೀಮಂತರು, ಚೆನ್ ಭಾಯ್," ಎಂದೆ ಒಮ್ಮೆ.

"ಅವರು ಶ್ರೀಮಂತರು. ನಾನು ಮನೆ ಮಾರಿದವನು." ಅವರು ನಗುತ್ತಲೇ ಹೇಳಿದರು. "ಮೊದಲು ಊರಿನ ಫ್ಲಾಟು ಹೋಯ್ತು. ಆಮೇಲೆ ಕಾರು. ಖಲಾಸ್. ಈಗ ಇರುವುದು ಅವಳ ಕೈ ಮಾತ್ರ."

ಆ ವರ್ಷದ ಮಕ್ಕಳ ಪಂದ್ಯಾವಳಿಯ ವಿಷಯವನ್ನೂ ಆಗಲೇ ಹೇಳಿದರು. ಯುಹಾನಳ ವಯಸ್ಸಿನವರಲ್ಲಿ ಗೆದ್ದವಳಿಗೆ ಅಕಾಡೆಮಿಯೇ ಒಂದು ವರ್ಷ ಪುಕ್ಕಟೆ ತರಬೇತಿ ಕೊಡುತ್ತದೆ. ಗೆದ್ದರೆ ಇಲ್ಲಿ ಉಳಿಯುವುದು. ಸೋತರೆ ಗಂಟುಮೂಟೆ ಕಟ್ಟಿ ಊರಿಗೆ. ಆ ಹುಡುಗಿ ಹೋದರೆ ಶ್ರಾವ್ಯ ಯಾರ ಜೊತೆ ಆಡುವುದು? ಶಾಲಿನಿ ಯಾರ ಜಡೆ ಹಾಕುವುದು? ಹೇಗಾದರೂ ಮಾಡಿ ಯುಹಾನಳನ್ನು ಗೆಲ್ಲಿಸಬೇಕೆಂದು ನಾನು ಆ ಬೆಂಚಿನ ಮೇಲೆಯೇ ಸಂಕಲ್ಪ ಮಾಡಿದೆ. ಟೆನಿಸ್ಸಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬುದು ಇದಕ್ಕೆ ಅಡ್ಡಿಯೆಂದು ಅನಿಸಲೇ ಇಲ್ಲ.

ಯುಹಾನ್ ಫೈನಲ್ ತಲುಪಿದಳು. ಆ ಪಂದ್ಯ ಬಿದ್ದದ್ದು ವಿಜಯದಶಮಿಯ ದಿನ. ಹಿಂದಿನ ದಿನ ಆಯುಧಪೂಜೆ.

ಪೂಜೆಯ ವಿಷಯದಲ್ಲಿ ಮಾತ್ರ ನನ್ನ ಹತ್ತಿರ ಯಾರೂ ಮಾತಾಡಬಾರದು. ಗೋದಾಮಿನ ಫೋರ್ಕ್‌ಲಿಫ್ಟಿಗೆ ಪ್ರತಿವರ್ಷ ಪೂಜೆ ಮಾಡುವವನು ನಾನೇ. ಬರ್ ದುಬೈಯ ದೇವಸ್ಥಾನದ ಓಣಿಯಿಂದ ಹೂವು, ನಿಂಬೆಹಣ್ಣು, ಕುಂಕುಮ ತಂದೆ. ಕಾರು, ಲ್ಯಾಪ್‌ಟಾಪ್, ಮಿಕ್ಸಿ, ಶಾಲಿನಿಯ ಹೊಲಿಗೆಯ ಕತ್ತರಿ ಎಲ್ಲ ಸಾಲಾಗಿ ಅಲಂಕಾರಗೊಂಡವು. ನಮ್ಮ ಮನೆಯ ಕೊಬ್ಬರಿಯ ವಾಸನೆಗೋ ಗಂಟೆಯ ಸದ್ದಿಗೋ ಚೆನ್ ಬಂದು ಬಾಗಿಲಲ್ಲಿ ನಿಂತರು.

"ಇದೇನು ದಿವಾ ಬ್ರದರ್?"

"ಇದಾ? ನಮ್ಮ ಕ್ರಮ. ಕೆಲಸದ ಸಾಮಾನಿಗೆ ವರ್ಷಕ್ಕೊಮ್ಮೆ ಪೂಜೆ. ಮಾಡಿದರೆ ಅದು ಕೈ ಕೊಡುವುದಿಲ್ಲ."

"ಎಂದಿಗೂ?"

"ಎಂದಿಗೂ!" ಎಂದೆ, ಫೋರ್ಕ್‌ಲಿಫ್ಟು ಹೋದ ವರ್ಷ ಮೂರು ಸಲ ಕೆಟ್ಟದ್ದನ್ನು ನೆನಪಿಗೆ ತಾರದೆ.

ಚೆನ್ ಒಂದು ಕ್ಷಣ ಯೋಚಿಸಿದರು. ಒಂದು ಹುಡುಗಿಯ ಆಟಕ್ಕಾಗಿ ಕೋಚು, ಡಾಕ್ಟರು, ಅಮೆರಿಕದ ಪುಡಿ, ಚೀನಾದ ಕಷಾಯ ಎಲ್ಲ ಪ್ರಯತ್ನಿಸಿದ ಮನುಷ್ಯ. ಒಂದನ್ನೂ ಬಿಟ್ಟವರಲ್ಲ. ಮನೆಗೆ ಓಡಿ ಯುಹಾನಳ ಚೀಲವನ್ನೇ ತಂದಿಟ್ಟರು. ಅದರಲ್ಲಿ ಇದ್ದಬದ್ದ ರ‍್ಯಾಕೆಟ್ಟುಗಳೆಲ್ಲ ಇದ್ದವು.

"ಕುಂಕುಮ ಒಂದು ಬೊಟ್ಟು ಇಟ್ಟರೆ ಸಾಕು," ಎಂದು ಶಾಲಿನಿ ಅಡುಗೆಮನೆಯಿಂದಲೇ ಎಚ್ಚರಿಸಿದಳು. "ನಿಮ್ಮ ಫೋರ್ಕ್‌ಲಿಫ್ಟ್ ಅಲ್ಲ ಅದು."

ಒಂದು ಬೊಟ್ಟಂತೆ! ಮಗುವಿನ ಭವಿಷ್ಯದ ಪ್ರಶ್ನೆ! ನಮ್ಮೂರಿನಲ್ಲಿ ಕತ್ತಿಯನ್ನಾಗಲಿ ಹಾರೆಯನ್ನಾಗಲಿ ತೊಳೆದು, ಎಣ್ಣೆ ಹಚ್ಚದೆ ಪೂಜೆಗೆ ಇಡುವ ಕ್ರಮ ಉಂಟೇ? ಎಲ್ಲ ರ‍್ಯಾಕೆಟ್ಟುಗಳನ್ನು ಸಾಬೂನು ಹಾಕಿ ತೊಳೆದೆ. ಒರೆಸಿದೆ. ಊರಿನಿಂದ ತಂದ ಗಾಣದ ತೆಂಗಿನೆಣ್ಣೆಯನ್ನು ಬುಡದಿಂದ ತುದಿಯವರೆಗೆ ಹಚ್ಚಿದೆ. ಹಿಡಿ ಮೆತ್ತಗಿದ್ದು ಎಣ್ಣೆಯನ್ನು ಚೆನ್ನಾಗಿ ಕುಡಿಯಿತು. ಕುಡಿಯುತ್ತದೆಂದು ಇನ್ನೊಂದಿಷ್ಟು ಹಾಕಿದೆ. ಅದರ ಮೇಲೆ ಧಾರಾಳವಾಗಿ ಕುಂಕುಮ. ತಂತಿಗಳ ನಡುವೆ ಒಂದೊಂದು ನಿಂಬೆಹಣ್ಣು ಕಟ್ಟಿದೆ.

ಚೆನ್ ನಿಂಬೆಹಣ್ಣನ್ನು ಗಂಭೀರವಾಗಿ ಒತ್ತಿ ನೋಡಿದರು. "ತಂತಿ ನಡುಗದ ಹಾಗೆ ನಾವು ರಬ್ಬರ್ ಹಾಕುತ್ತೇವೆ. ನಿಮ್ಮದು ಇದಾ?"

"ಇದು ಅದಕ್ಕಿಂತ ಮೇಲೆ," ಎಂದೆ.

ಶ್ರಾವ್ಯಳ ರ‍್ಯಾಕೆಟ್ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. "ಆಯಿಲ್ ಹಾಕ್ತೀಯಾ ಪಪ್ಪಾ? ಯಕ್! ನಾನು ಕೊಡಲ್ಲ," ಎಂದು ಅದನ್ನು ಎಲ್ಲೋ ಬಚ್ಚಿಟ್ಟಿದ್ದಳು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದೆಂಬ ನಿಯಮವನ್ನೂ ನಾನು ಚೆನ್‌ಗೆ ಕಟ್ಟುನಿಟ್ಟಾಗಿ ತಿಳಿಸಿದೆ. ಅವರು ಭಕ್ತಿಯಿಂದ ಚೀಲ ಮುಚ್ಚಿ ಜಿಪ್ ಎಳೆದರು. ಯುಹಾನ್ ಆ ದಿನದ ಅಭ್ಯಾಸಕ್ಕೂ ಹೋಗಲಿಲ್ಲ.

ಮಾರನೆಯ ದಿನ ನಾವೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತೆವು. ಯುಹಾನಳ ಎದುರಾಳಿ ವಿಲ್ಲಾದ ಹುಡುಗಿ. ಅವಳ ತಾಯಿ ನಮ್ಮ ಪಕ್ಕದಲ್ಲೇ. ಬೇಲಿಯಲ್ಲಿ ಫೋನು, ಫೋನಿನಲ್ಲಿ ಯುಹಾನಳ ತಾಯಿ. ಆ ದಿನ ಆಕೆ ಕೈಯಲ್ಲಿ ದೀಪ ಹಿಡಿದಿರಲಿಲ್ಲ.

ಯುಹಾನ್ ಚೀಲ ತೆರೆದಳು. ಮೊದಲು ಅಂಪೈರ್ ಬಂದು ನಿಂಬೆಹಣ್ಣುಗಳನ್ನು ತೆಗೆಸಿದರು. ಹಣ್ಣಿಗೆ ನಿಯಮಾವಳಿಯಲ್ಲಿ ಅವಕಾಶವಿಲ್ಲವಂತೆ. ಹೋಗಲಿ. ಆಮೇಲೆ ಅವಳು ಹಿಡಿ ಹಿಡಿದಳು. ತನ್ನ ಅಂಗೈ ನೋಡಿಕೊಂಡಳು. ಅಪ್ಪನನ್ನು ನೋಡಿದಳು. ಅಪ್ಪ ನನ್ನನ್ನು ನೋಡಿದರು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ!

ದುಬೈಯ ಬಿಸಿಲು ನಿಮಗೆ ಗೊತ್ತುಂಟಲ್ಲ. ಹಿಡಿಯೊಳಗೆ ರಾತ್ರಿಯಿಡೀ ಅಡಗಿದ್ದ ಎಣ್ಣೆ ನಿಧಾನಕ್ಕೆ ಹೊರಗೆ ಬಂತು. ಮೊದಲ ಸರ್ವ್‌ನಲ್ಲಿ ಚೆಂಡು ಬಲೆಗೆ ಬಿತ್ತು, ರ‍್ಯಾಕೆಟ್ ಬಲೆ ದಾಟಿತು. ಎರಡನೆಯ ರ‍್ಯಾಕೆಟ್ ಅಂಪೈರರ ಏಣಿಕುರ್ಚಿಯ ಕಾಲಿಗೆ ಹೊಡೆಯಿತು. ಅವಳು ಹಿಡಿಗೆ ಹೊಸ ಟೇಪು ಸುತ್ತಿದಳು. ಎಣ್ಣೆಯ ಮೇಲೆ ಟೇಪೇ ಸುತ್ತ ತಿರುಗತೊಡಗಿತು. ಬೆವರು ಒರೆಸಲು ಹಣೆಗೆ ಕೈ ಹಚ್ಚಿದಳು. ಮುಖವೆಲ್ಲ ಕೆಂಪು. ಬಿಳಿ ಅಂಗಿಯ ಮೇಲೂ ಕೆಂಪು.

"ಬ್ಲಡ್!" ಎಂದು ಯಾರೋ ಚೀರಿದರು.

ಅಂಪೈರ್ ಆಟ ನಿಲ್ಲಿಸಿ ಇಳಿದರು. ಔಷಧದ ಪೆಟ್ಟಿಗೆ ಹಿಡಿದು ಇಬ್ಬರು ಓಡಿದರು. ಫೋನಿನಲ್ಲಿ ಯುಹಾನಳ ತಾಯಿ ಎದ್ದು ನಿಂತು ಏನೋ ಕೂಗುತ್ತಿದ್ದರು. ಹೊನಲು ಬೆಳಕಿನ ವಾಲಿಬಾಲ್ ನೋಡಿ ಬೆಳೆದ ಗಂಟಲು ನನ್ನದು. ಬೆಂಚಿನ ಮೇಲೆ ಹತ್ತಿ ನಿಂತು ಇಡೀ ಅಕಾಡೆಮಿಗೆ ಕೇಳುವಂತೆ ಕೂಗಿದೆ: "ರಕ್ತ ಅಲ್ಲ! ಕುಂಕುಮ! ಕುಂಕುಮ!"

ಅಕಾಡೆಮಿಯಲ್ಲಿ ಆ ಶಬ್ದ ತಿಳಿದವರು ನಾವು ಮೂವರೇ. ಅಂಪೈರ್ ನನ್ನತ್ತ ಬೆರಳು ತೋರಿಸಿ, ಕೈಯಲ್ಲಿದ್ದ ಮೈಕಿನಲ್ಲಿ "ಸರ್, ಸಿಟ್ ಡೌನ್!" ಎಂದರು. ಅಂತೂ ಮೈಕಿನಲ್ಲಿ ನನ್ನ ವಿಷಯ ಬಂತು. ಅಕ್ಕಪಕ್ಕದವರೆಲ್ಲ ತಿರುಗಿ ನನ್ನ ಮುಖ ನೋಡಿದರು. ನಾನು ಆಸೆಪಟ್ಟದ್ದು ಇದನ್ನೇ ತಾನೆ!

"ಇವ್ರೇ, ಕೂತ್ಕೊಳ್ಳಿ ಒಮ್ಮೆ," ಎಂದು ಶಾಲಿನಿ ನನ್ನ ಅಂಗಿ ಹಿಡಿದೆಳೆದಳು. "ಎಣ್ಣೆ ಹಾಕಿದ್ದಾ ನೀವು?"

"ಸ್ವಲ್ಪ."

"ನನ್ನ ಬಾಟ್ಲಿ ಎಲ್ಲ ಖಾಲಿ ಉಂಟು!"

ಶ್ರಾವ್ಯ ಮಾತ್ರ ಕಾರಿಗೆ ಓಡಿದಳು. ಸೀಟಿನ ಅಡಿಯಿಂದ ತನ್ನ ರ‍್ಯಾಕೆಟ್ ಎಳೆದು ತಂದು ಬೇಲಿಯ ಮೇಲಿಂದ ಗೆಳತಿಗೆ ಕೊಟ್ಟಳು. ಎಣ್ಣೆ ಸೋಕದ ರ‍್ಯಾಕೆಟ್ ಅದೊಂದೇ. ಆದರೆ ಅದು ನಾನು ರಿಯಾಯಿತಿಯಲ್ಲಿ ತಂದ ಆರಡಿ ಗಂಡಸರದ್ದು! ನನ್ನ ಎರಡು ತಪ್ಪುಗಳ ನಡುವೆ ಆ ಮಗು ಸಿಕ್ಕಿಬಿತ್ತು. ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಬೀಸಿ ಬೀಸಿ ಆಡಿದಳು. ಒಂದು ಸಲ ಬೀಸಿದ ರಭಸಕ್ಕೆ ತಾನೇ ಗಿರ್ರನೆ ತಿರುಗಿ ನೆಲದಲ್ಲಿ ಕೂತಳು. ಕೂತವಳು ನಗತೊಡಗಿದಳು. ಕುಂಕುಮದ ಮುಖ ಎತ್ತಿ, ಬಾಯಿ ತುಂಬ ನಗು. ಬೇಲಿಯ ಈಚೆ ಶ್ರಾವ್ಯಳೂ ನಕ್ಕಳು. ಆಚೆ ಎದುರಾಳಿ ಹುಡುಗಿಯೂ ಬಾಯಿಗೆ ಕೈ ಅಡ್ಡ ಹಿಡಿದಳು.

ಯುಹಾನ್ ಸೋತಳು.

ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮನೆ ಮಾರಿದ ಮನುಷ್ಯ ಪಕ್ಕದಲ್ಲೇ ಕೂತಿದ್ದರು. ವಿಲ್ಲಾದ ತಾಯಿ ಒದ್ದೆ ಬಟ್ಟೆ ತಂದು ಯುಹಾನಳ ಮುಖ ಒರೆಸಿದರು. ಒರೆಸುತ್ತಲೇ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು, ಈ ಕೆಂಪು ಪುಡಿ ಏನು, ಎಲ್ಲಿ ಸಿಗುತ್ತದೆ, ಯಾವ ಕೋಚ್ ಹೇಳಿದ್ದು. ಗೆದ್ದ ಮೇಲೂ!

"ಚೆನ್ ಭಾಯ್," ಎಂದೆ.

ಚೆನ್ ನನ್ನ ಮೊಣಕಾಲು ತಟ್ಟಿದರು. "ಮಾಫಿ ಮುಶ್ಕಿಲ್, ತೊಂದರೆ ಇಲ್ಲ ಬ್ರದರ್. ಆ ಹುಡುಗಿ ಇವಳಿಗಿಂತ ಚೆನ್ನಾಗಿ ಆಡುತ್ತಾಳೆ. ನನಗೆ ಗೊತ್ತಿತ್ತು. ಎಣ್ಣೆ ಇಲ್ಲದಿದ್ದರೂ ಸೋಲುತ್ತಿದ್ದಳು." ಆಮೇಲೆ ಅಂಗಣದ ಕಡೆ ನೋಡುತ್ತಾ ಹೇಳಿದರು, "ಆದರೆ ಅಲ್ಲಿ ಅವಳು ನಕ್ಕದ್ದು ನಾನು ನೋಡಿರಲೇ ಇಲ್ಲ. ಆಡಲು ಶುರುಮಾಡಿದಂದಿನಿಂದ ಈವರೆಗೆ."

ಯುಹಾನ್ ನಮ್ಮ ಹತ್ತಿರ ಬರಲೇ ಇಲ್ಲ. ಸೀದಾ ಬೇಲಿಗೆ ಸಿಕ್ಕಿಸಿದ ಫೋನಿನ ಹತ್ತಿರ ಹೋಗಿ, ಅದಕ್ಕೆ ಹಣೆ ಒತ್ತಿ, ತನ್ನ ಭಾಷೆಯಲ್ಲಿ ಒಂದೇ ಮಾತು ಹೇಳಿದಳು. ಏನೆಂದು ಚೆನ್‌ರನ್ನು ಕೇಳಿದೆ.

"ಅಮ್ಮಾ, ನಾನು ಈಗ ಮನೆಗೆ ಬರಬಹುದಲ್ಲ, ಎಂದು ಕೇಳಿದಳು."

ಶಾಲಿನಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣಿಗೂ ಏನೋ ಬಿದ್ದಿತ್ತು. ಕುಂಕುಮವೇ ಇರಬೇಕು.

ತಿಂಗಳೊಪ್ಪತ್ತಿನಲ್ಲಿ ಅವರು ಹೊರಟುಹೋದರು. ಹೋಗುವ ಬೆಳಿಗ್ಗೆ ಶಾಲಿನಿ ಯುಹಾನಳಿಗೆ ಜಡೆ ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಚೆನ್ ಕೆಳಗಿನಿಂದ "ಯಲ್ಲಾ, ಯಲ್ಲಾ" ಎಂದು ಅವಸರಿಸಿ ಕೂಗುವವರೆಗೂ ಹಾಕುತ್ತಲೇ ಇದ್ದಳು. ಮುಂದಿನ ಶನಿವಾರ ನಾನು ಕಾರಿನ ಕೀ ಹಿಡಿದು ಶ್ರಾವ್ಯಳನ್ನು ಎಬ್ಬಿಸಿದೆ.

"ಪಪ್ಪಾ, ನಾನು ಯುಹಾನ್ ಇದ್ದಾಳೆ ಅಂತ ಬರ್ತಿದ್ದೆ," ಎಂದಳು ಹೊದಿಕೆಯೊಳಗಿಂದ. "ಅಂಡ್ ಕಾರಲ್ಲಿ ನೀನು ಸ್ಟೋರಿ ಹೇಳ್ತಿದ್ದೆ ಅಂತ. ಟೆನಿಸ್ ಈಸ್ ಸೋ ಬೋರಿಂಗ್."

ಹೀಗೆ ದುಬೈ ಒಬ್ಬ ಮಹಾನ್ ಆಟಗಾರ್ತಿಯನ್ನು ಕಳೆದುಕೊಂಡಿತು. ನಾನು ಆ ಬೆಂಚನ್ನು ಕಳೆದುಕೊಂಡೆ. ಈಗಲೂ ಶನಿವಾರ ಬೇಗ ಎಚ್ಚರವಾಗುತ್ತದೆ. ಎದುರು ಬಾಗಿಲಿನಲ್ಲಿ ಬೇರೆ ಯಾರದೋ ಚಪ್ಪಲಿಗಳು. ಶ್ರಾವ್ಯ ಎದ್ದ ಮೇಲೆ ನಾವಿಬ್ಬರೂ ಸುಮ್ಮನೆ ಕಾರು ಹತ್ತಿ ಎಲ್ಲಿಗೂ ಅಲ್ಲದ ಕಡೆಗೆ ಒಂದು ಸುತ್ತು ಹೋಗುತ್ತೇವೆ. ಕತೆ ಹೇಳುತ್ತೇನೆ. ಅಕಾಡೆಮಿಯ ರಸ್ತೆ ಬಂದಾಗ ಇಬ್ಬರೂ ಬೇರೆ ಕಡೆ ನೋಡುತ್ತೇವೆ.

ಈ ವರ್ಷ ಆಯುಧಪೂಜೆಯ ದಿನ ಚೆನ್‌ರ ವಿಡಿಯೋ ಕರೆ ಬಂತು. ಅವರ ಹಿಂದೆ ದೀಪದ ಅಂಗಡಿ, ಅಂಗಡಿಯಲ್ಲಿ ಹೆಂಡತಿ, ಹೆಂಡತಿಯ ಮುಂದೆ ಬೆನ್ನು ಕೊಟ್ಟು ಕೂತು ಜಡೆ ಹಾಕಿಸಿಕೊಳ್ಳುತ್ತಿರುವ ಯುಹಾನ್. ಎರಡು ಗೇಣು ಬೆಳೆದಿದ್ದಾಳೆ! ಈಗ ಊರಿನ ಶಾಲೆಗೇ ಆಡುತ್ತಾಳಂತೆ. ಕೋಚು ಒಬ್ಬರೇ, ಅದೂ ಶಾಲೆಯ ಡ್ರಿಲ್ ಮಾಸ್ತರು. ನಗುತ್ತಾ ಆಡುತ್ತಾಳಂತೆ. ಮೊನ್ನೆ ಅಲ್ಲಿನ ಪಂದ್ಯ ಗೆದ್ದಳಂತೆ.

"ಮುಂದಿನ ತಿಂಗಳು ದೊಡ್ಡ ಪಂದ್ಯ ಉಂಟು, ದಿವಾ ಬ್ರದರ್. ನೀವು ಬರಲೇಬೇಕು ಎಂದು ಯುಹಾನ್ ಹಟ ಹಿಡಿದಿದ್ದಾಳೆ."

ನನ್ನ ಎದೆ ಉಬ್ಬಿತು. ಶಾಲಿನಿಯ ಕಡೆ, ಶ್ರಾವ್ಯಳ ಕಡೆ ಒಮ್ಮೆ ವಿಜಯದ ನೋಟ ಬೀರಿದೆ. ಕಂಡಿರಾ? ಸಾವಿರಾರು ಮೈಲಿ ಆಚೆ, ಚೀನಾದ ಒಂದು ಬೆಂಚಿನ ಮೇಲೆ ನನಗಾಗಿ ಒಂದು ಜಾಗ ಕಾದಿದೆ! "ಬರ್ತೇನೆ ಮಗಳೇ, ಖಂಡಿತ ಬರ್ತೇನೆ," ಎಂದೆ.

ಯುಹಾನ್ ಅರ್ಧ ಜಡೆಯಲ್ಲೇ ಫೋನಿನ ಹತ್ತಿರ ಬಂದಳು.

"ಥ್ಯಾಂಕ್ಯೂ ಅಂಕಲ್," ಎಂದಳು. "ಬರುವಾಗ ಎಣ್ಣೆ ತನ್ನಿ. ಆಚೆ ಕಡೆಯ ಹುಡುಗಿಯ ರ‍್ಯಾಕೆಟ್ಟಿಗೆ ಹಚ್ಚಲಿಕ್ಕೆ."

ಫೋನಿನ ಆಚೆ ಮೂವರು, ಈಚೆ ಇಬ್ಬರು ಬಿದ್ದು ಬಿದ್ದು ನಕ್ಕರು. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ನೋಡಿದೆ.